ಅವಶೇಷಗಳ ನಡುವೆ ಬಟ್ಟೆ ಒಣಹಾಕಿದವರು

1757ರಲ್ಲಿ ಪ್ಯಾರಿಸ್ಸಿನ ಕೆತ್ತನೆಗಾರ ಜಾಕ್ ಫಿಲಿಪ್ ಲೆ ಬಾ ಆರು ಚಿತ್ರಗಳ ಒಂದು ಸಂಗ್ರಹ ಹೊರತಂದ. ಅದರ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಾಗುತ್ತದೆ: ‘ಲಿಸ್ಬನ್ನಿನ ಅತ್ಯಂತ ಸುಂದರ ಅವಶೇಷಗಳು’. ಆ ಅವಶೇಷಗಳಿಗೆ ಆಗ ಎರಡೇ ವರ್ಷ ವಯಸ್ಸು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿ ತುಂಬಿದ್ದ ಹೊತ್ತಿಗೆ ಲಿಸ್ಬನ್ನಿನಲ್ಲಿ ಭೂಮಿ ನಡುಗಿತು. ಆಮೇಲೆ ಸಮುದ್ರ ಉಕ್ಕಿ ಬಂತು. ಹಬ್ಬಕ್ಕೆಂದು ಹಚ್ಚಿದ ಮೇಣದಬತ್ತಿ, ಅಡುಗೆಮನೆಯ ಒಲೆಗಳಿಂದ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ. ಲೆ ಬಾನ ಚಿತ್ರಗಳಲ್ಲೊಂದು ಅಲ್ಲಿನ ಒಪೆರಾ ಭವನದ್ದು. ಅದು ಉದ್ಘಾಟನೆಯಾದದ್ದೇ ಆ ವರ್ಷದ ವಸಂತದಲ್ಲಿ. ಒಂದು ವರ್ಷವೂ ನಿಲ್ಲಲಿಲ್ಲ. ಚಿತ್ರದಲ್ಲಿ ಅದು ಛಾವಣಿ ಕಳೆದುಕೊಂಡು, ಬರೀ ಗೋಡೆ ಕಮಾನುಗಳಾಗಿ, ರೋಮಿನ ಯಾವುದೋ ಪುರಾತನ ಸ್ನಾನಗೃಹದ ಹಾಗೆ ಕಾಣುತ್ತದೆ.

ಈ ಭೂಕಂಪದ ಬಗ್ಗೆ ಜ್ಞಾನೋದಯ ಕಾಲದ ದೊಡ್ಡವರು ಹಲವರು ಬರೆದರು. ವೋಲ್ತೇರ್ ಕವಿತೆ ಬರೆದು ‘ಎಲ್ಲವೂ ಒಳ್ಳೆಯದಕ್ಕೇ’ ಎನ್ನುವವರನ್ನು ತರಾಟೆಗೆ ತೆಗೆದುಕೊಂಡ. ರೂಸೋ ಅವನಿಗೆ ಉತ್ತರ ಬರೆದ. ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಕಾಂಟ್ ಭೂಕಂಪಕ್ಕೆ ಭೌತಿಕ ಕಾರಣ ಹುಡುಕುತ್ತ ಮೂರು ಲೇಖನ ಬರೆದ. ತತ್ವಶಾಸ್ತ್ರದ ತರಗತಿಗೆ ಲಿಸ್ಬನ್ ಬರುವುದು ಈ ದಾರಿಯಲ್ಲೇ, ಕೇಡಿನ ಸಮಸ್ಯೆಯಾಗಿ. ಲೆ ಬಾನ ಶೀರ್ಷಿಕೆಯಲ್ಲಿರುವ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆ ‘ಸುಂದರ’ ಎಂಬ ಪದ ಅಲ್ಲಿ ಏನು ಮಾಡುತ್ತಿದೆ?

ಮೊದಲಿಗೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ಹೆಣಗಳನ್ನು ಸಾಗಿಸಿ ಎರಡು ವರ್ಷವಾಗಿಲ್ಲ, ಆಗಲೇ ಸೌಂದರ್ಯವೇ? ಆದರೆ ಇದೇ ಕಸಿವಿಸಿ ಪಾಂಪೆಯ ಮುಂದೆ ನಮಗೆ ಯಾಕೆ ಆಗುವುದಿಲ್ಲ? ಪಾಂಪೆಯ ಅಗೆತ ಶುರುವಾದದ್ದು 1748ರಲ್ಲಿ, ಲಿಸ್ಬನ್ ಬೀಳುವ ಏಳು ವರ್ಷ ಮೊದಲು. ಅದೂ ಇದ್ದಕ್ಕಿದ್ದ ಹಾಗೆ ಅಳಿದ ಊರೇ. ಅಲ್ಲಿ ಸತ್ತವರು ಲಿಸ್ಬನ್ನಿನಲ್ಲಿ ಸತ್ತವರಿಗಿಂತ ಕಡಿಮೆ ಸತ್ತವರೇನಲ್ಲ. ನಡುವೆ ಇರುವುದು ಸುಮಾರು ಹದಿನೇಳು ಶತಮಾನಗಳ ಅಂತರ, ಅಷ್ಟೇ. ಹಾಗಾದರೆ ಇನ್ನೊಬ್ಬರ ಮನೆ ಬಿದ್ದದ್ದನ್ನು ನೋಡಿ ಸುಖಪಡಲು ಎಷ್ಟು ವರ್ಷ ಕಾಯಬೇಕು? ಎರಡು ಸಾಲದು, ಸಾವಿರದೇಳುನೂರು ಸಾಕು ಎಂದಾದರೆ ಇನ್ನೂರಕ್ಕೆ ಏನು ಹೇಳುವುದು?

ಕನ್ನಡದಲ್ಲಿ ಯೋಚಿಸುವವರಿಗೆ ಈ ಪ್ರಶ್ನೆ ಇನ್ನೂ ತುಸು ಚುಚ್ಚುತ್ತದೆ ಅನ್ನಿಸುತ್ತದೆ. ‘ಹಾಳು’ ನಮ್ಮಲ್ಲಿ ಮೊದಲು ಒಂದು ಶಾಪದ ಮಾತು. ಮನೆ ಹಾಳಾಗ ಎಂದು ಬೈಯುತ್ತೇವೆ, ಹಾಳು ಸುರಿಯುತ್ತಿದೆ ಎನ್ನುತ್ತೇವೆ. ಪಾಳುಬಿದ್ದ ಮನೆಗೆ ಹೊತ್ತು ಮುಳುಗಿದ ಮೇಲೆ ಮಕ್ಕಳನ್ನು ಬಿಡುವುದಿಲ್ಲ. ‘ಅವಶೇಷ’ ಎಂಬ ಸಂಸ್ಕೃತ ಪದ ಬಂದಾಗ ಮಾತ್ರ ಅದಕ್ಕೆ ಟಿಕೆಟ್ಟು, ಫಲಕ, ಗೈಡು ಸೇರಿಕೊಳ್ಳುತ್ತವೆ. ಹಾಳು ಅವಶೇಷವಾಗುವುದಕ್ಕೆ ಒಂದು ಕಣ್ಣು ಬೇಕು. ಆ ಕಣ್ಣು ಹದಿನೆಂಟನೆಯ ಶತಮಾನದ ರೋಮಿನಲ್ಲಿ ಹೇಗೆ ತಯಾರಾಯಿತು ಎಂಬುದನ್ನು ನೋಡಿದರೆ, ಎಷ್ಟು ವರ್ಷ ಎಂಬ ಪ್ರಶ್ನೆಯೇ ತಪ್ಪು ಜಾಗದಲ್ಲಿ ನಿಂತಿದೆ ಅನ್ನಿಸುತ್ತದೆ.

ಆಗಿನ ರೋಮ್ ಇಂದಿನ ಹಾಗೆ ಬೇಲಿ ಹಾಕಿ ಗುಡಿಸಿಟ್ಟ ಊರಲ್ಲ. ಸೀಸರನ ಕಾಲದ ಫೋರಂ ಮಣ್ಣಲ್ಲಿ ಅರ್ಧ ಹೂತು, ದನ ಮೇಯುವ ಬಯಲಾಗಿತ್ತು. ಜನ ಅದನ್ನು ಕರೆಯುತ್ತಿದ್ದ ‘ಕಾಂಪೋ ವಚ್ಚೀನೊ’ ಎಂಬ ಹೆಸರಿಗೂ ದನದ ಬಯಲು ಎಂದೇ ಅರ್ಥ. ಒಕ್ಟೇವಿಯಾಳ ಹೆಸರಿನ ಕಂಬಸಾಲಿನಲ್ಲಿ ಮೀನು ಮಾರುತ್ತಿದ್ದರು. ಆಂಟೊನೈನಸ್ ಚಕ್ರವರ್ತಿ ಮತ್ತು ಅವನ ರಾಣಿ ಫೌಸ್ಟಿನಾಳ ದೇಗುಲದ ಕಂಬಗಳ ಹಿಂದೆ ಒಂದು ಚರ್ಚು ಕೂತಿತ್ತು. ಕೊಲೊಸಿಯಂನ ಕಲ್ಲು ಎಷ್ಟೋ ಅರಮನೆಗಳ ಗೋಡೆ ಸೇರಿತ್ತು. ಅಂದರೆ ಪುರಾತನ ಕಟ್ಟಡಗಳು ‘ಬಿದ್ದಿದ್ದವು’ ಎನ್ನುವುದಕ್ಕಿಂತ ಬಳಕೆಯಲ್ಲಿದ್ದವು ಎನ್ನುವುದು ಸರಿ.

ಈ ಊರಿಗೆ 1740ರಲ್ಲಿ ವೆನಿಸ್ ಕಡೆಯಿಂದ ಬಂದ ಕಲ್ಲುಕುಟಿಗನ ಮಗ ಜೊವಾನ್ನಿ ಬತ್ತಿಸ್ತಾ ಪಿರನೇಸಿ. ತಾಮ್ರದ ತಗಡನ್ನು ಆಮ್ಲದಲ್ಲಿ ಅದ್ದಿ ಗೆರೆ ಕೊರೆಯುವ ಎಚ್ಚಿಂಗ್ ಕಲೆಯಲ್ಲಿ ಅವನಿಗೆ ಸಮನಾದವರು ಕಡಿಮೆ. ‘ರೋಮಿನ ನೋಟಗಳು’ ಎಂಬ ಅವನ ಸರಣಿ ಅವನು ಸಾಯುವವರೆಗೂ ಬೆಳೆಯುತ್ತ 135 ಚಿತ್ರಗಳಿಗೆ ಮುಟ್ಟಿತು. ಯುರೋಪಿನ ಶ್ರೀಮಂತ ಹುಡುಗರು ಶಿಕ್ಷಣದ ಕೊನೆಯ ಹಂತವಾಗಿ ಇಟಲಿಗೆ ಬರುತ್ತಿದ್ದ ಕಾಲ ಅದು. ಅವರು ಇವನ್ನು ಕೊಂಡು ಊರಿಗೆ ಒಯ್ದರು. ಊರಲ್ಲಿದ್ದವರು ನೋಡಿ ರೋಮಿಗೆ ಹೊರಟರು. ಪಿರನೇಸಿ ಕಟ್ಟಡವನ್ನು ಕೆಳಗಿನಿಂದ, ವಾರೆಯಾಗಿ ನೋಡುತ್ತಾನೆ. ಅದರ ಬುಡದಲ್ಲಿ ಮನುಷ್ಯರನ್ನು ಇರುವೆಗಳಷ್ಟು ಚಿಕ್ಕದಾಗಿ ನಿಲ್ಲಿಸುತ್ತಾನೆ. ಹೀಗಾಗಿ ಕಲ್ಲು ಬೆಟ್ಟವಾಗುತ್ತದೆ. 1786ರಲ್ಲಿ ರೋಮಿಗೆ ಬಂದ ಗಯಟೆ ಕರಾಕಲ್ಲಾ ಸ್ನಾನಗೃಹದ ಮುಂದೆ ನಿಂತು, ಪಿರನೇಸಿ ತೋರಿಸಿದ್ದು ಇಲ್ಲಿಲ್ಲವಲ್ಲ ಎಂದುಕೊಂಡದ್ದನ್ನು ಬರೆದಿಟ್ಟಿದ್ದಾನೆ.

ಈ ಹುಚ್ಚು ಎಷ್ಟು ದೂರ ಹೋಯಿತೆಂದರೆ, ರೋಮಿಗೆ ಹೋಗಲಾಗದ ದೊರೆಗಳು ತಮ್ಮ ತೋಟದಲ್ಲೇ ಹೊಸ ಅವಶೇಷ ಕಟ್ಟಿಸಿಕೊಂಡರು. ಲಂಡನ್ನಿನ ಕ್ಯೂ ತೋಟದಲ್ಲಿ 1759ರಲ್ಲಿ ಒಂದು ಮುರಿದ ಕಮಾನು, ವಿಯೆನ್ನಾದ ಶೋನ್‌ಬ್ರುನ್ ಅರಮನೆಯಲ್ಲಿ 1778ರಲ್ಲಿ ಒಂದು ರೋಮನ್ ಹಾಳು. ಮೇಸ್ತ್ರಿಗೆ ಕೂಲಿ ಕೊಟ್ಟು, ಕುಸಿದಂತೆ ಕಾಣುವ ಆದರೆ ಕುಸಿಯದ ಗೋಡೆ ಕಟ್ಟು ಎಂದು ಹೇಳುವ ದೃಶ್ಯ ಕಣ್ಣಮುಂದೆ ಬಂದರೆ ನನಗೆ ನಗು ತಡೆಯಲಾಗುವುದಿಲ್ಲ.

ಆದರೆ ಈ ಲೇಖನಕ್ಕೆ ಬೇಕಾದವನು ಪಿರನೇಸಿಗಿಂತ ಹೆಚ್ಚಾಗಿ ಯೂಬೆರ್ ರೊಬೆರ್. ಪ್ಯಾರಿಸ್ಸಿನವನು, 1754ರಲ್ಲಿ ರೋಮಿಗೆ ಹೋದವನು ಹನ್ನೊಂದು ವರ್ಷ ಅಲ್ಲೇ ಉಳಿದ. ಊರಿಗೆ ಮರಳಿದ ಮೇಲೆ ಜೀವನವಿಡೀ ಅವಶೇಷಗಳನ್ನೇ ಬರೆದು ‘ಅವಶೇಷಗಳ ರೊಬೆರ್’ ಎಂದೇ ಹೆಸರಾದ. ಅವನ ಚಿತ್ರಗಳಲ್ಲಿ ಒಡೆದ ಗುಮ್ಮಟವಿರುತ್ತದೆ, ಗುಮ್ಮಟದ ಬಾಯಿಂದ ಬೀಳುವ ಬೆಳಕಿರುತ್ತದೆ. ಜೊತೆಗೆ ಬಟ್ಟೆ ಒಗೆಯುವ ಹೆಂಗಸರಿರುತ್ತಾರೆ. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿರುತ್ತಾರೆ. ಮಗು ಸೆರಗು ಹಿಡಿದಿರುತ್ತದೆ, ನಾಯಿ ಇರುತ್ತದೆ, ದನ ನೀರು ಕುಡಿಯುತ್ತಿರುತ್ತದೆ. ಇದು ಕಲ್ಪನೆಯಲ್ಲ. ಪುರಾತನ ಕಲ್ಲಿನ ಶವಪೆಟ್ಟಿಗೆಗಳು ರೋಮಿನಲ್ಲಿ ನೀರಿನ ತೊಟ್ಟಿಗಳಾಗಿದ್ದದ್ದು ನಿಜ.

1767ರ ಪ್ಯಾರಿಸ್ ಕಲಾಪ್ರದರ್ಶನದಲ್ಲಿ ಈ ಚಿತ್ರಗಳನ್ನು ಕಂಡ ದೆನಿ ದಿದೆರೊ ಪುಟಗಟ್ಟಲೆ ಬರೆದ. ಅವಶೇಷಗಳ ಕುರಿತು ಆ ಶತಮಾನ ಕೊಟ್ಟ ಅತ್ಯುತ್ತಮ ಬರವಣಿಗೆ ಅದು ಎಂದು ನನ್ನ ಅಭಿಪ್ರಾಯ. ಎಲ್ಲವೂ ಅಳಿಯುತ್ತದೆ, ಕಾಲವೊಂದೇ ಉಳಿಯುತ್ತದೆ, ಕಲ್ಲು ಬೆಟ್ಟಗಳೇ ಸವೆಯುವಾಗ ನನ್ನ ನಾಲ್ಕು ದಿನದ ಬಾಳು ಏನು ಎಂಬ ಧಾಟಿಯಲ್ಲಿ ಅದು ಸಾಗುತ್ತದೆ. ನಡುವೆ ಅವನು ರೊಬೆರನನ್ನು ನೇರವಾಗಿ ಮಾತಾಡಿಸಿ ಒಂದು ದೂರು ಹೇಳುತ್ತಾನೆ: ನಿನ್ನ ಚಿತ್ರದಲ್ಲಿ ಜನ ಹೆಚ್ಚಾದರು. ನಾಲ್ಕರಲ್ಲಿ ಮೂರು ಪಾಲು ಜನರನ್ನು ಅಳಿಸು. ಏಕಾಂತಕ್ಕೆ, ಮೌನಕ್ಕೆ ನೆರವಾಗುವವರನ್ನು ಮಾತ್ರ ಉಳಿಸು. ತಲೆ ತಗ್ಗಿಸಿ, ಎದೆಯ ಮೇಲೆ ಕೈಕಟ್ಟಿ ಕತ್ತಲಲ್ಲಿ ಅಲೆಯುವ ಒಬ್ಬನೇ ಮನುಷ್ಯನಿದ್ದರೆ ನನ್ನನ್ನು ಅದು ಹೆಚ್ಚು ತಟ್ಟುತ್ತಿತ್ತು.

ಈ ಸಲಹೆಯನ್ನು ಮತ್ತೆ ಮತ್ತೆ ಓದಿದ್ದೇನೆ. ಕಲಾವಿಮರ್ಶೆಯಾಗಿ ಅದು ಸರಿಯೇ. ಮನಸ್ಸು ಮೌನವಾಗಬೇಕಾದ ಕಡೆ ಬಟ್ಟೆ ಬಡಿಯುವ ಸದ್ದು ಅಡ್ಡ ಬರುತ್ತದೆ. ಆದರೆ ಹೇಳುತ್ತಿರುವವನು ಯಾರು ಎಂಬುದನ್ನು ನೆನೆಯಬೇಕು. ದಿದೆರೊ ‘ವಿಶ್ವಕೋಶ’ದ ಸಂಪಾದಕ. ಅದಕ್ಕಾಗಿ 1762ರಿಂದ 1772ರವರೆಗೆ ಹನ್ನೊಂದು ಸಂಪುಟಗಳಷ್ಟು ಚಿತ್ರಫಲಕಗಳು ಹೊರಬಂದವು. ಕಮ್ಮಾರ, ನೇಕಾರ, ಗಾಜು ಊದುವವನು, ಕಾಗದ ಮಾಡುವವನು ಹೇಗೆ ಕೆಲಸ ಮಾಡುತ್ತಾರೆ ಎಂದು ಅವು ಒಂದೊಂದೇ ಉಪಕರಣ ಬಿಡಿಸಿ ತೋರಿಸಿದವು. ಕೈಕೆಲಸದವರಿಗೆ ಪುಸ್ತಕದಲ್ಲಿ ಅಷ್ಟು ಗೌರವದ ಜಾಗ ಕೊಟ್ಟವರು ಯುರೋಪಿನಲ್ಲಿ ಅವನಿಗಿಂತ ಮೊದಲು ಕಡಿಮೆ. ಅದೇ ದಿದೆರೊಗೆ ಅವಶೇಷದ ಮುಂದೆ ನಿಂತಾಗ ದುಡಿಯುವವಳು ಬೇಡವಾದಳು. ಅವಳು ಅಲ್ಲಿದ್ದರೆ ಅದು ಅವಶೇಷವಾಗುವುದಿಲ್ಲ. ಅವಳಿಗೆ ಅದು ಒಗೆಯುವ ಕಲ್ಲು, ಬಿಸಿಲು ಬೀಳುವ ಗೋಡೆ. ಕಾಲದ ಬಗ್ಗೆ ಧ್ಯಾನಿಸುವವನಿಗೆ ಕಾಲ ಮುಗಿದಿರಬೇಕು. ಅವಳ ಕಾಲ ಮುಗಿದಿಲ್ಲ, ನಡೆಯುತ್ತಿದೆ.

ರೊಬೆರನನ್ನು ನಾನು ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅವನ ಹೆಂಗಸರಿಗೂ ಮುಖ ಅಷ್ಟಕ್ಕಷ್ಟೆ. ಚಿತ್ರಕ್ಕೆ ಒಂದು ಕೆಂಪು ಬೇಕಾದ ಕಡೆ ಕೆಂಪು ಲಂಗ, ಬಿಳಿ ಬೇಕಾದ ಕಡೆ ಒಣಹಾಕಿದ ಬಟ್ಟೆ. ಮಾರೆಮ್ಮಾ ಜೌಗಿನಿಂದ ಹಿಡಿದು ರೋಮಿನ ಹೊರವಲಯದವರೆಗೆ ಆ ಸೀಮೆಯನ್ನು ಹಿಂಡುತ್ತಿದ್ದ ಮಲೇರಿಯಾ ಅವನ ಬಣ್ಣಗಳಲ್ಲಿ ಕಾಣುವುದಿಲ್ಲ. ಹಾಗೆಯೇ ಪಾಂಪೆ, ಹರ್ಕ್ಯುಲೇನಿಯಂಗಳಲ್ಲಿ ನೇಪಲ್ಸ್ ದೊರೆಗಾಗಿ ನೆಲ ಅಗೆದವರಲ್ಲಿ ಶಿಕ್ಷೆಗೊಳಗಾದ ಕೈದಿಗಳಿದ್ದರು ಎಂಬುದು ಅಲ್ಲಿಂದ ಬಂದ ಸೊಗಸಾದ ಭಿತ್ತಿಚಿತ್ರಗಳ ಪ್ರತಿಗಳಲ್ಲಿ ಕಾಣುವುದಿಲ್ಲ. ಆದರೂ ರೊಬೆರ್ ಅವರನ್ನು ಅಳಿಸಲಿಲ್ಲ. ನನ್ನ ವಾದಕ್ಕೆ ಸದ್ಯ ಅಷ್ಟು ಸಾಕು.

ಚಿತ್ರದಿಂದ ಅಳಿಸುವುದಕ್ಕೂ ನೆಲದಿಂದ ಅಳಿಸುವುದಕ್ಕೂ ಸಂಬಂಧವಿದೆಯೇ? ಒಂದು ನೇರವಾದ ಗೆರೆ ಎಳೆಯಲು ನಾನು ಹೋಗುವುದಿಲ್ಲ. ಆದರೆ ಸಿರಿಯಾದ ಪಾಲ್ಮೈರಾದ ಕತೆ ಇಲ್ಲಿ ಹೇಳಲೇಬೇಕಾದದ್ದು.

1751ರಲ್ಲಿ ರಾಬರ್ಟ್ ವುಡ್ ಮತ್ತು ಜೇಮ್ಸ್ ಡಾಕಿನ್ಸ್ ಎಂಬಿಬ್ಬರು ಮರುಭೂಮಿ ದಾಟಿ ಅಲ್ಲಿಗೆ ಹೋದರು. ಜೊತೆಗೆ ಬೊರ್ರಾ ಎಂಬ ಇಟಲಿಯ ನಕ್ಷೆಗಾರನಿದ್ದ. ಕಂಬ ಕಂಬವನ್ನೂ ಅಳೆದು, 1753ರಲ್ಲಿ ‘ಪಾಲ್ಮೈರಾದ ಅವಶೇಷಗಳು’ ಪ್ರಕಟಿಸಿದರು. ಇಂಗ್ಲೆಂಡಿನ ವಾಸ್ತುಶಿಲ್ಪಿಗಳು ಆ ಪುಸ್ತಕ ನೋಡಿ ದೊಡ್ಡಮನೆಗಳ ಛಾವಣಿಯಲ್ಲಿ ಪಾಲ್ಮೈರಾದ ಹೂಬಳ್ಳಿ ಕೆತ್ತಿಸಿದರು. ಕೆಲವು ವರ್ಷಗಳ ನಂತರ ಗ್ಯಾವಿನ್ ಹ್ಯಾಮಿಲ್ಟನ್ ಎಂಬ ಚಿತ್ರಕಾರ ವುಡ್ ಮತ್ತು ಡಾಕಿನ್ಸರು ಪಾಲ್ಮೈರಾ ಕಾಣುವ ದೊಡ್ಡ ಚಿತ್ರ ಬರೆದ. ಅದರಲ್ಲಿ ಇಬ್ಬರಿಗೂ ರೋಮನ್ನರ ಟೋಗಾ ಉಡಿಸಿದ್ದಾನೆ, ಅವರೇ ಆ ಊರಿನ ನಿಜವಾದ ವಾರಸುದಾರರು ಎನ್ನುವ ಹಾಗೆ. ಇನ್ನು ಈ ಪ್ರಯಾಣದ ಖರ್ಚು? ಡಾಕಿನ್ಸ್ ಹುಟ್ಟಿದ್ದು ಜಮೈಕಾದಲ್ಲಿ. ಅವನ ಕುಟುಂಬದ್ದು ಅಲ್ಲಿನ ಕಬ್ಬಿನ ತೋಟಗಳ ಹಣ. ಆ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಪಾಲ್ಮೈರಾದ ಚಿತ್ರಗಳಲ್ಲಿ ಅವರು ಇರಲು ಸಾಧ್ಯವೇ ಇರಲಿಲ್ಲ. ಆದರೆ ಒಂದೊಂದು ಗೆರೆಯ ಹಿಂದೆಯೂ ಅವರಿದ್ದಾರೆ.

ವುಡ್ ಅಲ್ಲಿಗೆ ಹೋದಾಗ ಬೆಲ್ ದೇವರ ಮಹಾದೇಗುಲದ ಪ್ರಾಂಗಣದಲ್ಲಿ ಜನ ಗುಡಿಸಲು ಕಟ್ಟಿಕೊಂಡು ಬಾಳುತ್ತಿದ್ದರು. ಅದೊಂದು ಊರೇ. ದೇಗುಲದ ಗರ್ಭಗುಡಿ ಮೊದಲು ಚರ್ಚಾಗಿ, ನಂತರ ಮಸೀದಿಯಾಗಿ ಬಳಕೆಯಲ್ಲಿತ್ತು. ಅದು ಅಷ್ಟು ಚೆನ್ನಾಗಿ ಉಳಿದದ್ದಕ್ಕೆ ಒಂದು ಕಾರಣವೇ ಈ ಬಳಕೆ. 1930ರ ಆಸುಪಾಸಿನಲ್ಲಿ, ಸಿರಿಯಾ ಫ್ರೆಂಚರ ಆಡಳಿತದಲ್ಲಿದ್ದಾಗ, ಆ ಊರನ್ನು ಖಾಲಿ ಮಾಡಿಸಿದರು. ಜನರನ್ನು ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಊರಿಗೆ ಸಾಗಿಸಿ, ಮಣ್ಣಿನ ಮನೆಗಳನ್ನು ತೆಗೆದರು. ಆಮೇಲೆ ದೇಗುಲ ಬರೀ ಕಂಬಗಳಾಗಿ, ಆಕಾಶದ ಕೆಳಗೆ, ಮೌನವಾಗಿ ನಿಂತಿತು. ದಿದೆರೊ ಕೇಳಿದ್ದು ಕೊನೆಗೂ ಸಿಕ್ಕಂತಾಯಿತು. ನಾವು ಪೋಸ್ಟ್‌ಕಾರ್ಡುಗಳಲ್ಲಿ ನೋಡಿ ಬೆಳೆದ ಪಾಲ್ಮೈರಾ ಅದು; ಸಾವಿರಾರು ವರ್ಷ ಹಾಗೇ ನಿರ್ಜನವಾಗಿತ್ತು ಎಂದು ನಂಬಿಸುವ ಪಾಲ್ಮೈರಾ.

ನನ್ನ ಉತ್ತರ ಇಲ್ಲಿದೆ. ಅವಶೇಷದ ಸೊಬಗನ್ನು ಸವಿಯುವುದು ತಪ್ಪಲ್ಲ, ಅದಕ್ಕೆ ವರ್ಷಗಳ ಲೆಕ್ಕವೂ ಬೇಡ. ಆ ಸವಿ ಯಾರನ್ನಾದರೂ ಹೊರಗಿಟ್ಟ ಮೇಲಷ್ಟೇ ಹುಟ್ಟುವಂಥದ್ದಾದರೆ ಅಲ್ಲಿ ತೊಡಕಿದೆ. ಲೆ ಬಾನ ಲಿಸ್ಬನ್ ನಮ್ಮನ್ನು ಕೆಣಕುವುದು ಎರಡೇ ವರ್ಷವಾಗಿದೆ ಎಂಬ ಕಾರಣಕ್ಕಲ್ಲ. ಅಲ್ಲಿ ಬದುಕಿ ಉಳಿದವರು ಇನ್ನೂ ಡೇರೆಗಳಲ್ಲಿ, ಹಲಗೆಮನೆಗಳಲ್ಲಿ ಇದ್ದಾಗ ಶೀರ್ಷಿಕೆ ಅವರನ್ನು ಬಿಟ್ಟು ಗೋಡೆಯ ಜೊತೆ ಮಾತಾಡಿತು ಎಂಬ ಕಾರಣಕ್ಕೆ. ಸಾವಿರದೇಳುನೂರು ವರ್ಷ ಹಳೆಯ ದೇಗುಲದಲ್ಲೂ ಇದೇ ನಡೆಯಬಹುದು ಎಂದು ಪಾಲ್ಮೈರಾ ತೋರಿಸಿತು.

ಇದಕ್ಕೆ ಎದುರಾಗಿ ಒಂದು ಗಟ್ಟಿ ಮಾತಿದೆ, ಅದನ್ನು ದಾಟಿ ಹೋಗುವ ಹಾಗಿಲ್ಲ. ಆ ಒಂಟಿ ಧ್ಯಾನ ಬರೀ ಶೋಕಿಯಾಗಿರಲಿಲ್ಲ. 1764ರ ಅಕ್ಟೋಬರ್ 15ರಂದು ರೋಮಿನ ಕ್ಯಾಪಿಟಲ್ ದಿಬ್ಬದ ಅವಶೇಷಗಳ ನಡುವೆ ಕೂತಿದ್ದಾಗ, ಬರಿಗಾಲ ಸನ್ಯಾಸಿಗಳು ಸಂಜೆಯ ಪ್ರಾರ್ಥನೆ ಹಾಡುವುದು ಕೇಳುತ್ತಿದ್ದಾಗ, ಈ ಊರಿನ ಅವನತಿಯ ಚರಿತ್ರೆ ಬರೆಯಬೇಕೆಂಬ ಯೋಚನೆ ಬಂತೆಂದು ಗಿಬ್ಬನ್ ಹೇಳಿಕೊಂಡಿದ್ದಾನೆ. (ಅವನ ಗುಂಗಿಗೆ ಜೀವಂತ ಸನ್ಯಾಸಿಗಳ ದನಿಯೇ ಬೇಕಾಯಿತು ಎಂಬುದನ್ನು ಗಮನಿಸಿ.) ಫ್ರೆಂಚ್ ಕ್ರಾಂತಿಯ ನಡುವೆ, 1791ರಲ್ಲಿ, ವೋಲ್ನೆ ತನ್ನ ‘ಅವಶೇಷಗಳು’ ಪುಸ್ತಕದಲ್ಲಿ ಪಾಲ್ಮೈರಾದ ಕಂಬಗಳ ನಡುವೆ ಒಬ್ಬ ಪ್ರಯಾಣಿಕನನ್ನು ಕೂರಿಸಿ, ಸಾಮ್ರಾಜ್ಯಗಳು ಯಾಕೆ ಬೀಳುತ್ತವೆ ಎಂದು ಕೇಳಿಸಿದ, ದೊರೆಗಳ ದುರಾಸೆ, ಪುರೋಹಿತರ ಮೋಸ ಎಂಬ ಉತ್ತರ ಕೊಟ್ಟ. ಬಿದ್ದ ಅರಮನೆಯನ್ನು ಚಿತ್ರದಲ್ಲಿ ನೋಡಿದವನಿಗೆ ನಿಂತಿರುವ ಅರಮನೆಯೂ ಬೀಳಬಹುದೆಂದು ತೋರುತ್ತದೆ. ಅದು ಸಣ್ಣ ವಿಷಯವಲ್ಲ.

ಮತ್ತೊಂದು ಇನ್ನೂ ಕಠಿಣ. 2015ರಲ್ಲಿ ಐಸಿಸ್ ಪಾಲ್ಮೈರಾವನ್ನು ಹಿಡಿಯಿತು. ಆ ಅವಶೇಷಗಳನ್ನು ನಾಲ್ಕು ದಶಕ ನೋಡಿಕೊಂಡಿದ್ದ, ಎಂಬತ್ತು ದಾಟಿದ ವಿದ್ವಾಂಸ ಖಾಲಿದ್ ಅಲ್ ಅಸಾದ್ ಅವರನ್ನು ಆಗಸ್ಟಿನಲ್ಲಿ ಕೊಂದರು. ಅದೇ ತಿಂಗಳ ಕೊನೆಗೆ ಬೆಲ್ ದೇಗುಲವನ್ನು ಸ್ಫೋಟಿಸಿದರು. ಇವತ್ತು ಆ ದೇಗುಲ ಹೇಗಿತ್ತು ಎಂದು ತಿಳಿಯಲು ನಮಗಿರುವ ಹಳೆಯ, ಅಳತೆ ಸಮೇತದ ದಾಖಲೆಗಳಲ್ಲಿ ಒಂದು 1753ರ ಆ ಪುಸ್ತಕ. ಗುಲಾಮರ ಬೆವರಿನ ಹಣದಿಂದ ಆದದ್ದು ಎಂದು ಅದನ್ನು ಪಕ್ಕಕ್ಕಿಡಲು ನನ್ನಿಂದಾಗದು, ಇಟ್ಟರೆ ಸರಿಯೂ ಅಲ್ಲ. ಆದರೆ ಅಸಾದ್ ಅವರ ಬಗ್ಗೆ ಯೋಚಿಸಿದಾಗ ಒಂದು ಹೊಳೆಯುತ್ತದೆ. ಅವರು ಹುಟ್ಟಿ ಬೆಳೆದದ್ದು ಪಾಲ್ಮೈರಾದಲ್ಲೇ. ಹೊರಗಿನಿಂದ ಬಂದು ಟೋಗಾ ಉಟ್ಟು ನಿಂತ ಪ್ರಯಾಣಿಕನಲ್ಲ, ಚಿತ್ರದಿಂದ ಅಳಿಸಬಹುದಾಗಿದ್ದ ಊರವರಲ್ಲಿ ಒಬ್ಬರು. ಕಲ್ಲಿಗೋಸ್ಕರ ಪ್ರಾಣ ಕೊಟ್ಟವರು ಅವರು.

ಆ ಕಣ್ಣು ಹಡಗು ಹತ್ತಿ ನಮ್ಮ ಕಡೆಗೂ ಬಂತು. ಇಟಲಿಯ ಅವಶೇಷಗಳನ್ನು ಬರೆದು ಹೆಸರಾಗಿದ್ದ ರಿಚರ್ಡ್ ವಿಲ್ಸನ್‌ನ ಶಿಷ್ಯ ವಿಲಿಯಂ ಹಾಜಸ್ 1780ರಲ್ಲಿ ಭಾರತಕ್ಕೆ ಬಂದು, ಗುರುವಿನಿಂದ ಕಲಿತ ಬೆಳಕು ನೆರಳಿನಲ್ಲೇ ಇಲ್ಲಿನ ಗೋರಿ ಕೋಟೆಗಳನ್ನು ಬರೆದ. ಅವನ ಹಿಂದೆ ಇನ್ನೂ ಹಲವರು ಬಂದರು. ‘ಹಾಳು ಹಂಪೆ’ ಎಂದು ನಾವೇ ಹೇಳುತ್ತೇವೆ, ಆದರೆ ವಿರೂಪಾಕ್ಷನ ಗುಡಿಯಲ್ಲಿ ಪೂಜೆ ಇವತ್ತಿಗೂ ನಡೆಯುತ್ತಿದೆ. ತೇರು ಎಳೆಯುವ ಬೀದಿ ಹಾಳಾಗಿ ಹೇಗೆ ಉಳಿದೀತು? ಆ ಬೀದಿಯ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ತೆರವುಗೊಳಿಸಿದರು. ಸ್ಮಾರಕಕ್ಕೆ ಧಕ್ಕೆಯಾಗುತ್ತಿತ್ತು ಎಂಬ ಕಾರಣ ಸುಳ್ಳಲ್ಲ; ಕಂಬಕ್ಕೆ ಸಿಮೆಂಟು ಮೆತ್ತಿದ್ದನ್ನು ಯಾರೂ ಸಮರ್ಥಿಸಲಾರರು. ಆದರೂ ಈಗ ಆ ಬೀದಿಯ ಫೋಟೋ ತೆಗೆದರೆ ಹದಿನೆಂಟನೆಯ ಶತಮಾನದ ಚಿತ್ರದ ಹಾಗೆಯೇ ಬರುತ್ತದೆ. ಆ ಚೌಕಟ್ಟು ಎಲ್ಲಿಂದ ಬಂತೆಂದು ಕೇಳಿಕೊಳ್ಳದೆ ಅದನ್ನು ನೋಡುವುದು ನನಗೆ ಕಷ್ಟ.

ಕೊನೆಗೆ ರೊಬೆರನಿಗೆ ಏನಾಯಿತು ಎಂದು ಹೇಳಬೇಕು. 1789ರ ಜುಲೈಯಲ್ಲಿ ಬಸ್ತೀಯ್ ಕೋಟೆಯನ್ನು ಜನ ಕೆಡವುತ್ತಿದ್ದಾಗ ಅವನು ಅದರ ಚಿತ್ರ ಬರೆದ. ಅವಶೇಷವೊಂದು ತನ್ನ ಕಣ್ಣೆದುರೇ ತಯಾರಾಗುವುದನ್ನು ಕಂಡ. ರಾಜನ ಚಿತ್ರಸಂಗ್ರಹದ ಪಾಲಕನಾಗಿದ್ದವನನ್ನು ಕ್ರಾಂತಿಯ ಸರ್ಕಾರ 1793ರಲ್ಲಿ ಸೆರೆಗೆ ಹಾಕಿತು. ಸೆರೆಮನೆಯಲ್ಲಿ ಅವನು ಊಟದ ತಟ್ಟೆಗಳ ಮೇಲೂ ಚಿತ್ರ ಬರೆದ. ರೊಬೆಸ್ಪಿಯೆರ್ ಬಿದ್ದ ಮೇಲೆ, 1794ರಲ್ಲಿ, ಬಿಡುಗಡೆಯಾದ. ಲೂವ್ರ್ ಅರಮನೆಯ ಉದ್ದನೆಯ ಗ್ಯಾಲರಿಯನ್ನು ಸಾರ್ವಜನಿಕ ಮ್ಯೂಸಿಯಂ ಮಾಡುವ ಕೆಲಸದಲ್ಲಿ ಅವನು ವರ್ಷಗಳಿಂದ ತೊಡಗಿದ್ದವನು. 1796ರಲ್ಲಿ ಆ ಗ್ಯಾಲರಿಯ ಎರಡು ಚಿತ್ರ ಪ್ರದರ್ಶಿಸಿದ. ಒಂದರಲ್ಲಿ ಛಾವಣಿಯಿಂದ ಬೆಳಕು ಬೀಳುವ, ಗೋಡೆ ತುಂಬ ಚಿತ್ರಗಳಿರುವ, ಆಗಬೇಕಾದ ಮ್ಯೂಸಿಯಂ. ಇನ್ನೊಂದರಲ್ಲಿ ಅದೇ ಗ್ಯಾಲರಿ ಹಾಳಾಗಿದೆ: ಛಾವಣಿ ಬಿದ್ದು ಆಕಾಶ ಕಾಣುತ್ತಿದೆ, ಮೈಕೆಲೇಂಜೆಲೊನ ಸೆರೆಯಾಳಿನ ಮೂರ್ತಿ ನೆಲ ಕಂಡಿದೆ, ಬೆಲ್ವೆದೇರೆಯ ಅಪೊಲೊ ಒಬ್ಬನೇ ನೆಟ್ಟಗೆ ನಿಂತಿದ್ದಾನೆ. ತಮಾಷೆಯೆಂದರೆ ಆ ಅಪೊಲೊ ಆಗ ಪ್ಯಾರಿಸ್ಸಿನಲ್ಲೇ ಇರಲಿಲ್ಲ, ರೋಮಿನಲ್ಲಿದ್ದ. ನೆಪೋಲಿಯನ್ನನ ಸೇನೆ ಅದನ್ನು ಕಿತ್ತು ತಂದದ್ದು 1798ರಲ್ಲಿ. ಲೂಟಿಯ ಮಾಲು ಬರುವ ಮುನ್ನವೇ ಅದನ್ನಿಡುವ ಮನೆ ಚಿತ್ರದಲ್ಲಿ ಬಿದ್ದುಹೋಗಿತ್ತು.

ಆ ಎರಡನೆಯ ಚಿತ್ರದಲ್ಲಿ ಅಪೊಲೊನ ಮುಂದೆ ಯಾರೋ ಒಬ್ಬ ಕಲಾವಿದ ಕೂತು ಅವನನ್ನು ಬರೆದುಕೊಳ್ಳುತ್ತಿದ್ದಾನೆ. ಅಲ್ಲೇ ಪಕ್ಕದಲ್ಲಿ, ಆ ಕಲಾವಿದನ ಗೊಡವೆಯೇ ಇಲ್ಲದ ಕೆಲವರು ಬೆಂಕಿ ಹಾಕಿಕೊಂಡಿದ್ದಾರೆ. ಇವರನ್ನು ಅಳಿಸು ಎಂದು ಹೇಳಲು ದಿದೆರೊ ಆಗ ಇರಲಿಲ್ಲ. ಅವನು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.